ಹದವನ್ನು ಅಳೆದವರು

ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣ ದಿಕ್ಕಿಗೆ ಹರಿಯುವ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಾಗಿ ನಿಂತು, ಮುಂದೆ ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದ ಬಂಡೆಯಿಂದ ಧುಮುಕುತ್ತದೆ. ಹುಕ್ಕೇರಿ, ಗೋಕಾಕ, ಹಿಂದೆ ಗೋಕಾಕ ತಾಲ್ಲೂಕಿನ ಭಾಗವಾಗಿದ್ದು ಈಚೆಗೆ ತಾನೇ ತಾಲ್ಲೂಕಾದ ಮೂಡಲಗಿ, ಈ ಮೂರೂ ಕಬ್ಬಿನ ಸೀಮೆಗಳು. ದೀಪಾವಳಿಯ ಸುಮಾರಿಗೆ ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ ಇಲ್ಲಿಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಾರ್ಖಾನೆಗಳ ಚಿಮಣಿಗಳು ಹಗಲಿರುಳೂ ಹೊಗೆಯಾಡುತ್ತವೆ.

ಇಂಥ ಕಾರ್ಖಾನೆಯ ಅಂಗಳದಲ್ಲಿ ನಿಂತವರ ಕಣ್ಣು ದೊಡ್ಡ ಗಾಣಗಳ ಮೇಲೆ, ಉಗಿಯ ಕೊಳವೆಗಳ ಮೇಲೆ, ಚೀಲಗಳ ರಾಶಿಯ ಮೇಲೆ ಹರಿದಾಡುವುದು ಸಹಜ. ಒಂದು ಮೂಲೆಯಲ್ಲಿರುವ ಚಿಕ್ಕ ಕೋಣೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದು ಪ್ರಯೋಗಶಾಲೆ. ಅಲ್ಲಿ ರಸಾಯನಜ್ಞನು ಕಬ್ಬಿನ ಹಾಲನ್ನು ಶೋಧಿಸಿ, ಗಾಜಿನ ನಳಿಕೆಯಲ್ಲಿ ತುಂಬಿ, ಅದರ ಮೂಲಕ ಬೆಳಕನ್ನು ಹಾಯಿಸಿ, ಒಂದು ಅಂಕಿಯನ್ನು ಬರೆದುಕೊಳ್ಳುತ್ತಾನೆ. ಸಾವಿರಾರು ಒಕ್ಕಲು ಮನೆತನಗಳ ವರ್ಷದ ಗಳಿಕೆಯು ಆ ಅಂಕಿಯನ್ನು ಅವಲಂಬಿಸಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಆ ನಳಿಕೆಯೊಳಗೆ ನಡೆಯುವುದನ್ನು ತಿಳಿಸಿಕೊಡುವ ಶಾಸ್ತ್ರಕ್ಕೆ ಭೌತ ರಸಾಯನ ವಿಜ್ಞಾನ ಎಂದು ಹೆಸರು.

ರಸಾಯನ ವಿಜ್ಞಾನವು ಒಂದು ವಸ್ತು ಇನ್ನೊಂದಾಗುವ ಬಗೆಯನ್ನು ಹೇಳುತ್ತದೆ. ಆ ಮಾರ್ಪಾಡು ಎಷ್ಟು ಬೇಗ ಆಗುತ್ತದೆ, ಎಲ್ಲಿಯವರೆಗೆ ಸಾಗಿ ನಿಲ್ಲುತ್ತದೆ, ಎಷ್ಟು ಶಾಖವನ್ನು ಬೇಡುತ್ತದೆ ಎಂಬ ಪ್ರಶ್ನೆಗಳನ್ನು ಭೌತವಿಜ್ಞಾನದ ಅಳತೆಗೋಲಿನಿಂದ ಬಿಡಿಸುವುದು ಭೌತ ರಸಾಯನಜ್ಞನ ಕೆಲಸ. ಬೆಲ್ಲ ಮಾಡುವ ನಮ್ಮ ಹಿರಿಯರು ಇದೇ ಪ್ರಶ್ನೆಗಳನ್ನು ‘ಹದ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿಟ್ಟಿದ್ದರು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತ ಅನುಭವಿಯು ಕಬ್ಬಿನ ಹಾಲಿಗೆ ತಕ್ಕಷ್ಟು ಸುಣ್ಣ ಹಾಕುತ್ತಿದ್ದನು. ಬೆಂಡೆಯ ಗಿಡದ ಲೋಳೆಯನ್ನು ಬೆರೆಸಿ, ಮೇಲೆ ಬಂದ ಕೊಳೆಯನ್ನು ತೆಗೆಯುತ್ತಿದ್ದನು. ಪಾಕದ ಒಂದು ಹನಿಯನ್ನು ತಣ್ಣೀರಿನಲ್ಲಿ ಬಿಟ್ಟು, ಬೆರಳಿನಿಂದ ಒತ್ತಿ ನೋಡಿ, ಇಳಿಸಿರಿ ಎನ್ನುತ್ತಿದ್ದನು. ಅವನ ತೀರ್ಮಾನ ಬಹುಮಟ್ಟಿಗೆ ತಪ್ಪುತ್ತಿರಲಿಲ್ಲ. ಆದರೆ ಅವನು ತನ್ನ ಬೆರಳನ್ನು ಇನ್ನೊಬ್ಬನಿಗೆ ಕೊಡಲಾರನು. ಹದವನ್ನು ಅಂಕಿಗೆ ಇಳಿಸಿದಾಗಲಷ್ಟೇ ಅದು ಎಲ್ಲರ ಸ್ವತ್ತಾಗುತ್ತದೆ.

ಹದವನ್ನು ಹೀಗೆ ಮೊದಲು ಅಂಕಿಗೆ ಇಳಿಸಿದ್ದು ಕಬ್ಬಿನ ಸಕ್ಕರೆಯ ವಿಷಯದಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ. ಜರ್ಮನಿಯ ಲುಡ್ವಿಗ್ ವಿಲ್‌ಹೆಲ್ಮಿ ಎಂಬುವರು ಮೊದಲು ಔಷಧಾಲಯವೊಂದನ್ನು ನಡೆಸಿ, ಅದನ್ನು ಮಾರಿ, ಮತ್ತೆ ವಿದ್ಯಾರ್ಥಿಯಾಗಿ ಹೈಡಲ್‌ಬರ್ಗಿನ ವಿಶ್ವವಿದ್ಯಾನಿಲಯವನ್ನು ಸೇರಿದವರು. ಸಕ್ಕರೆಯ ನೀರಿಗೆ ಆಮ್ಲವನ್ನು ಬೆರೆಸಿದರೆ ಸಕ್ಕರೆಯು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬೇರೆ ಸಕ್ಕರೆಗಳಾಗುತ್ತದೆ. ಕಬ್ಬಿನ ಸಕ್ಕರೆಯ ದ್ರಾವಣಕ್ಕೆ ಒಂದು ವಿಶೇಷ ಗುಣವುಂಟು. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಅದರ ಮೂಲಕ ಹಾಯಿಸಿದರೆ, ಆ ಸಮತಲವು ಬಲಕ್ಕೆ ತಿರುಗುತ್ತದೆ. ಸಕ್ಕರೆ ಒಡೆದ ಮೇಲೆ ಅದೇ ದ್ರಾವಣವು ಸಮತಲವನ್ನು ಎಡಕ್ಕೆ ತಿರುಗಿಸುತ್ತದೆ. ಬಲವು ಎಡವಾಗುವುದರಿಂದ ಈ ಕ್ರಿಯೆಗೆ ವಿಪರ್ಯಯ ಎಂದು ಹೆಸರಾಯಿತು. ದ್ರಾವಣವನ್ನು ಮುಟ್ಟದೆ, ಕೆಡಿಸದೆ, ಬೆಳಕಿನ ತಿರುವನ್ನು ನೋಡಿದಷ್ಟರಿಂದಲೇ ಎಷ್ಟು ಸಕ್ಕರೆ ಉಳಿದಿದೆ ಎಂದು ವಿಲ್‌ಹೆಲ್ಮಿ ನಿಮಿಷ ನಿಮಿಷಕ್ಕೂ ಅಳೆದರು.

ಅವರು 1850ರಲ್ಲಿ ಪ್ರಕಟಿಸಿದ ನಿಯಮವು ಬಹಳ ಸರಳವಾದುದು. ಯಾವ ಕ್ಷಣದಲ್ಲಿಯೇ ಆಗಲಿ, ಸಕ್ಕರೆ ಒಡೆಯುವ ವೇಗವು ಆ ಕ್ಷಣದಲ್ಲಿ ಉಳಿದಿರುವ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಇರುತ್ತದೆ. ನೂರು ಪಾಲು ಸಕ್ಕರೆಯಲ್ಲಿ ಮೊದಲ ಗಂಟೆಗೆ ಐವತ್ತು ಪಾಲು ಒಡೆಯಿತೆಂದು ಭಾವಿಸೋಣ. ಎರಡನೆಯ ಗಂಟೆಗೆ ಉಳಿದ ಐವತ್ತೂ ಒಡೆದು ಹೋಗುವುದಿಲ್ಲ. ಇಪ್ಪತ್ತೈದು ಒಡೆದು ಇಪ್ಪತ್ತೈದು ಉಳಿಯುತ್ತದೆ. ರಾಸಾಯನಿಕ ಕ್ರಿಯೆಯೊಂದರ ವೇಗವನ್ನು ಗಣಿತದ ಸಮೀಕರಣದಲ್ಲಿ ಹಿಡಿದಿಟ್ಟುದು ಅದೇ ಮೊದಲು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ವಿದ್ವಾಂಸರು ಈ ಲೇಖನದ ಕಡೆಗೆ ತಿರುಗಿ ನೋಡಲಿಲ್ಲ. 1864ರಲ್ಲಿ ತೀರಿಕೊಂಡ ವಿಲ್‌ಹೆಲ್ಮಿಯವರಿಗೆ ತಮ್ಮ ಕೆಲಸದ ಬೆಲೆ ಲೋಕಕ್ಕೆ ತಿಳಿದುದನ್ನು ಕಾಣುವ ಭಾಗ್ಯವಿರಲಿಲ್ಲ. ಮುಂದೆ ಓಸ್ಟ್‌ವಾಲ್ಡರು ಅದನ್ನು ಹುಡುಕಿ ತೆಗೆದು ಎತ್ತಿ ಹಿಡಿದರು. ವ್ಯಾಂಟ್ ಹಾಫರು ದ್ರಾವಣಗಳ ಸಿದ್ಧಾಂತವನ್ನು ಕಟ್ಟಿದುದೂ ಸಕ್ಕರೆಯ ನೀರಿನ ಮೇಲೆ ನಡೆದ ಪ್ರಯೋಗಗಳ ಆಧಾರದಿಂದಲೇ. 1889ರಲ್ಲಿ ಅರ್ಹೇನಿಯಸ್ಸರು ಶಾಖಕ್ಕೂ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ತೋರಿಸಿದ್ದು ಇದೇ ವಿಪರ್ಯಯವನ್ನು ಮತ್ತೆ ಪರೀಕ್ಷಿಸಿ. ಈ ಮೂವರಿಗೂ ಮುಂದೆ ನೊಬೆಲ್ ಪಾರಿತೋಷಕಗಳು ಸಂದವು. ಭೌತ ರಸಾಯನ ವಿಜ್ಞಾನದ ತೊಟ್ಟಿಲು ಸಕ್ಕರೆಯ ಪಾಕದಲ್ಲಿ ತೂಗಿತೆಂದು ಹೇಳಬಹುದು.

ಈ ನಿಯಮಗಳಿಗೂ ಕಬ್ಬಿನ ಗದ್ದೆಗೂ ಏನು ಸಂಬಂಧ? ಕಬ್ಬನ್ನು ಕಡಿದ ಕ್ಷಣದಿಂದಲೇ ಅದರೊಳಗಿನ ಸಕ್ಕರೆ ಒಡೆಯತೊಡಗುತ್ತದೆ. ಹಾಲು ಸ್ವಭಾವತಃ ತುಸು ಆಮ್ಲೀಯವಾದುದು. ಜೊತೆಗೆ ಕಡಿದ ಕಬ್ಬಿನ ತುದಿಗಳಿಂದ ಸೂಕ್ಷ್ಮಜೀವಿಗಳೂ ಒಳಹೊಗುತ್ತವೆ. ಹತ್ತು ಡಿಗ್ರಿ ಶಾಖ ಏರಿದರೆ ವಿಪರ್ಯಯದ ವೇಗ ಮೂರು ನಾಲ್ಕು ಪಟ್ಟಾಗುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಎರಡು ದಿನ ಬಿಸಿಲಿಗೆ ನಿಂತ ಬಂಡಿಯ ಕಬ್ಬು ತೂಕದಲ್ಲಿ ಮಾತ್ರವಲ್ಲ, ಸಕ್ಕರೆಯಲ್ಲಿಯೂ ಸೋಲುತ್ತದೆ. ಕಡಿದ ಒಂದು ದಿನದೊಳಗೆ ಕಬ್ಬನ್ನು ನುರಿಸಬೇಕೆಂದು ತಜ್ಞರು ಒತ್ತಿ ಹೇಳುವುದರ ಹಿಂದೆ ವಿಲ್‌ಹೆಲ್ಮಿಯವರ ಸಮೀಕರಣವಿದೆ.

ಕಾರ್ಖಾನೆಯ ಒಳಗೂ ಇದೇ ಕಥೆ. ಹಾಲಿನ ಹುಳಿಯನ್ನು ಕಳೆಯಲು ಸುಣ್ಣವನ್ನು ಬೆರೆಸಬೇಕು. ಸುಣ್ಣ ಕಡಿಮೆಯಾದರೆ ಸಕ್ಕರೆ ಒಡೆಯುತ್ತದೆ. ಹೆಚ್ಚಾದರೆ ಗ್ಲೂಕೋಸು, ಫ್ರಕ್ಟೋಸುಗಳು ಕೆಟ್ಟು ಹಾಲು ಕಂದಾಗುತ್ತದೆ. ಅನಂತರ ನೀರನ್ನು ಇಂಗಿಸಬೇಕು. ತೆರೆದ ಕೊಪ್ಪರಿಗೆಯಲ್ಲಿ ಕುದಿಸಿದರೆ ಪಾಕವು ನೂರು ಡಿಗ್ರಿಗೂ ಮೀರಿ ಕಾದು ಕೆಂಪಾಗುತ್ತದೆ. ಬೆಲ್ಲಕ್ಕೆ ಆ ಬಣ್ಣವೂ ಆ ಕಂಪೂ ಬೇಕು. ಬಿಳಿಯ ಸಕ್ಕರೆಗೆ ಬೇಡ. 1813ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ ಎಂಬ ರಸಾಯನಜ್ಞರು ಮುಚ್ಚಿದ ಪಾತ್ರೆಯಿಂದ ಗಾಳಿಯನ್ನು ಹೊರಗೆ ಎಳೆದು, ಒತ್ತಡವನ್ನು ತಗ್ಗಿಸಿ, ಪಾಕವನ್ನು ಕಡಿಮೆ ಶಾಖದಲ್ಲಿಯೇ ಕುದಿಸುವ ಉಪಾಯವನ್ನು ಕಂಡುಹಿಡಿದರು. ಇಂದಿಗೂ ಸಕ್ಕರೆಯ ಪಾಕ ಸುಮಾರು 60ರಿಂದ 70 ಡಿಗ್ರಿಯಲ್ಲಿ ಕುದಿಯುವುದು ಇಂಥ ನಿರ್ವಾತ ಪಾತ್ರೆಗಳಲ್ಲಿಯೇ.

ಹರಳು ಕಟ್ಟುವ ಘಟ್ಟವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಒಂದು ಕಿಲೋಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು ಎರಡು ಕಿಲೋಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ಶಾಖದಲ್ಲಿ ಐದು ಕಿಲೋಗ್ರಾಂಗೆ ಹತ್ತಿರ. ಇನ್ನು ಕರಗದು ಎನ್ನುವ ಮೇರೆಗೆ ಬಂದ ದ್ರಾವಣವು ಪರ್ಯಾಪ್ತವಾದುದು. ಆದರೆ ನೀರನ್ನು ಮೆಲ್ಲಗೆ ತೆಗೆಯುತ್ತ ಹೋದರೆ ಆ ಮೇರೆಯನ್ನು ದಾಟಿದರೂ ಸಕ್ಕರೆ ತಕ್ಷಣ ಹೊರಬೀಳದೆ ದ್ರಾವಣದಲ್ಲಿಯೇ ತಡೆದು ನಿಲ್ಲುತ್ತದೆ. ಇದು ಅತಿಪರ್ಯಾಪ್ತ ಸ್ಥಿತಿ. ಈ ಸ್ಥಿತಿಯಲ್ಲಿ ಒಂದು ಇಕ್ಕಟ್ಟಾದ ಪಟ್ಟಿಯುಂಟು; ಅಲ್ಲಿ ಹಾಕಿದ ಹರಳು ಬೆಳೆಯುತ್ತದೆ, ಹೊಸ ಹರಳು ಹುಟ್ಟುವುದಿಲ್ಲ. ಪಾಕವು ಆ ಪಟ್ಟಿಗೆ ಬಂದಾಗ ಸಕ್ಕರೆಯ ನುಣ್ಣನೆಯ ಪುಡಿಯನ್ನು ಬೀಜವಾಗಿ ಬಿತ್ತುತ್ತಾರೆ. ಪಟ್ಟಿಯ ಕೆಳಗಿಳಿದರೆ ಬಿತ್ತಿದ ಬೀಜ ಕರಗಿ ಹೋಗುತ್ತದೆ. ಮೇಲೇರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಸಿ ಹರಳುಗಳು ಲೆಕ್ಕವಿಲ್ಲದಷ್ಟು ಹುಟ್ಟಿ, ಜಾಲರಿಯಲ್ಲಿ ನಿಲ್ಲದೆ ಕಾಕಂಬಿಯ ಪಾಲಾಗುತ್ತವೆ. ಗಾಣದ ಮನೆಯ ಅನುಭವಿಯ ಬೆರಳು ಹುಡುಕುತ್ತಿದ್ದ ಹದವೇ ಇಲ್ಲಿ ಅಂಕಿಯಾಗಿ ನಿಂತಿದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಕೊನೆಗೆ ಉಳಿಯುವ ಕಾಕಂಬಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಸಕ್ಕರೆ ಇದ್ದೇ ಇರುತ್ತದೆ. ಕಲ್ಮಶಗಳು ಅದನ್ನು ಹರಳುಗಟ್ಟಲು ಬಿಡುವುದಿಲ್ಲ.

ನೂರು ಕಿಲೋಗ್ರಾಂ ಕಬ್ಬಿನಿಂದ ಎಷ್ಟು ಕಿಲೋಗ್ರಾಂ ಸಕ್ಕರೆ ಬರುತ್ತದೆಯೋ ಅದಕ್ಕೆ ಇಳುವರಿ ಎನ್ನುತ್ತಾರೆ. ಕೇಂದ್ರ ಸರ್ಕಾರವು 2009ರಿಂದ ಪ್ರಕಟಿಸುತ್ತಿರುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯು ಈ ಇಳುವರಿಯನ್ನು ಆಧರಿಸಿದುದು. ಇಳುವರಿ ದಶಮಾಂಶದಷ್ಟು ಏರಿದರೆ ಕಬ್ಬಿನ ಬೆಲೆಯೂ ಏರುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದ ಕೂಡುರಸ್ತೆಯಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೊಡಬೇಕೆಂದು ಹಲವು ದಿನ ಧರಣಿ ಕುಳಿತರು. ಸರ್ಕಾರದ ಮಧ್ಯಸ್ಥಿಕೆಯಿಂದ ಕೊನೆಗೆ ಇತ್ಯರ್ಥವಾದ 3,300 ರೂಪಾಯಿಯ ಬೆಲೆಯೂ ಶೇಕಡಾ 11.25ರ ಇಳುವರಿಗೆ ಹೊಂದಿಕೊಂಡದ್ದಾಗಿತ್ತು. ತಕ್ಕಡಿಯ ಮುಳ್ಳನ್ನು ಎಲ್ಲರೂ ನೋಡಬಲ್ಲರು. ಬೆಳಕಿನ ತಿರುವನ್ನು ಓದಬಲ್ಲವರು ಕೆಲವರೇ. ರೈತನಿಗೆ ಇಳುವರಿಯ ಅಂಕಿಯ ಮೇಲೆ ಸಂದೇಹ ಬರುವುದಕ್ಕೆ ಇದೂ ಒಂದು ಕಾರಣ. ಕಾರ್ಖಾನೆಯ ಸಂಬಳವನ್ನು ಉಣ್ಣುವ ರಸಾಯನಜ್ಞನು ಕಾರ್ಖಾನೆಗೂ ರೈತನಿಗೂ ಒಂದೇ ಅಂಕಿಯನ್ನು ಹೇಳಬೇಕಾಗುತ್ತದೆ. ಕಾಲೇಜಿನ ಪರೀಕ್ಷೆಯಲ್ಲಿ ತಪ್ಪು ಅಂಕಿಗೆ ಹೋಗುವುದು ನಾಲ್ಕು ಗುಣಗಳು. ಇಲ್ಲಿ ಹೋಗುವುದು ಒಂದು ಮನೆತನದ ಮದುವೆಯ ಖರ್ಚು.

ಕಾಲೇಜು ಮತ್ತು ಕಾರ್ಖಾನೆ ಎರಡಕ್ಕೂ ಸಲ್ಲುವ ಇಂಥ ವಿದ್ವಾಂಸರ ಪರಂಪರೆ ಭಾರತದಲ್ಲಿ ಮೊದಲಾದುದನ್ನು ಹೇಳುವಾಗ ಶಾಂತಿಸ್ವರೂಪ ಭಟ್ನಾಗರರ ಹೆಸರು ಮುಂದೆ ಬರುತ್ತದೆ. ಅವರು 1894ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಭೇರಾ ಎಂಬ ಊರಿನಲ್ಲಿ ಜನಿಸಿದರು. ಎಂಟು ತಿಂಗಳ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು ತಾಯಿಯ ತವರಿನಲ್ಲಿ ಬೆಳೆದರು. ಲಾಹೋರಿನಲ್ಲಿ ಓದು ಮುಗಿಸಿ, ಲಂಡನ್ನಿಗೆ ಹೋಗಿ, ಭೌತ ರಸಾಯನಜ್ಞರಾದ ಡೊನ್ನನ್ನರ ಬಳಿ ಸಂಶೋಧನೆ ನಡೆಸಿ 1921ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸುಮಾರು ಮೂರು ವರ್ಷ ಪ್ರಾಧ್ಯಾಪಕರಾಗಿದ್ದು, 1924ರಲ್ಲಿ ಲಾಹೋರಿನ ಪಂಜಾಬ ವಿಶ್ವವಿದ್ಯಾನಿಲಯಕ್ಕೆ ಭೌತ ರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿ ಬಂದರು. ಉದ್ಯಮದವರು ಅವರ ಮುಂದೆ ಇಟ್ಟ ಮೊದಲ ಸಮಸ್ಯೆ ಕಬ್ಬಿನದೇ ಆಗಿತ್ತು. ಲಾಹೋರಿನ ಪ್ರಸಿದ್ಧ ಎಂಜಿನಿಯರು, ದಾನಿ ಸರ್ ಗಂಗಾರಾಮರಿಗಾಗಿ ಅವರು ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ದನಗಳ ಮೇವಿನ ಹಿಂಡಿಯಾಗಿ ಮಾರ್ಪಡಿಸುವ ಕ್ರಮವನ್ನು ರೂಪಿಸಿಕೊಟ್ಟರು.

ಅವರಿಗೆ ಹೆಚ್ಚು ಹೆಸರು ತಂದುದು ಎಣ್ಣೆ ಬಾವಿಯ ಪ್ರಸಂಗ. ರಾವಳಪಿಂಡಿಯ ಹತ್ತಿರದ ಅಟಕ್ ಎಣ್ಣೆ ಕಂಪನಿಯು ನೆಲವನ್ನು ಕೊರೆಯುವಾಗ ಕೆಸರಿನಂತೆ ಕದಡಿದ ಜೇಡಿಯನ್ನು ರಂಧ್ರದೊಳಗೆ ಹಾಯಿಸುತ್ತಿತ್ತು. ಆಳದಲ್ಲಿ ಉಪ್ಪು ನೀರು ತಗುಲಿದೊಡನೆ ಆ ಕೆಸರು ಗಟ್ಟಿಯಾಗಿ, ಕೊರೆಯುವ ಯಂತ್ರವೇ ನಿಂತು ಬಿಡುತ್ತಿತ್ತು. ಎಂಜಿನಿಯರುಗಳು ಇದನ್ನು ಯಂತ್ರದ ತೊಂದರೆಯೆಂದು ಎಣಿಸಿದ್ದರು. ಭಟ್ನಾಗರರು ಇದು ಕಲಿಲದ ಸಮಸ್ಯೆಯೆಂದು ಗುರುತಿಸಿದರು. ನೀರಿನಲ್ಲಿ ತೇಲುವ ಜೇಡಿಯ ನುಣ್ಣನೆಯ ಕಣಗಳ ಮೈಯಲ್ಲಿ ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತ ಬೇರೆ ಬೇರೆಯಾಗಿ ಇರುತ್ತವೆ. ಉಪ್ಪು ಸೇರಿದಾಗ ಈ ದೂಡುವಿಕೆ ಕುಗ್ಗಿ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಭಟ್ನಾಗರರು ಕೆಸರಿಗೆ ಭಾರತದ ಮರದ ಅಂಟೊಂದನ್ನು ಬೆರೆಸಿದರು. ಅಂಟು ಕಣಗಳಿಗೆ ಹೊದಿಕೆಯಾಗಿ ಕೆಸರನ್ನು ತೆಳ್ಳಗೆ ಉಳಿಸಿತು; ಉಪ್ಪಿನ ಆಟ ನಡೆಯಲಿಲ್ಲ. ಗೋಕಾಕದ ಕರದಂಟನ್ನು ಮೆಲ್ಲುವವರಿಗೆ ಮರದ ಅಂಟು ಹೊಸದಲ್ಲ. ಆ ತಿನಿಸಿನ ಹೆಸರಿನಲ್ಲಿಯೇ ಅಂಟು ಇದೆ. ತುಪ್ಪದಲ್ಲಿ ಕರಿದಾಗ ಅರಳಿ ಹಗುರವಾಗುವ ವಸ್ತುವು ನೆಲದಾಳದಲ್ಲಿ ಉಕ್ಕಿನ ಯಂತ್ರವನ್ನು ಬಿಡಿಸಿತೆಂಬುದು ಯಾರಿಗೂ ಸೋಜಿಗವನ್ನು ಉಂಟುಮಾಡುವ ಮಾತು.

ಕಂಪನಿಯ ವ್ಯವಹಾರ ನೋಡುತ್ತಿದ್ದ ಲಂಡನ್ನಿನ ಸ್ಟೀಲ್ ಬ್ರದರ್ಸ್ ಸಂಸ್ಥೆಯವರು ಇದಕ್ಕೆ ಮೆಚ್ಚಿ, ಪೆಟ್ರೋಲಿಯಮ್ಮಿನ ವಿಷಯದಲ್ಲಿ ಸಂಶೋಧನೆ ಮುಂದುವರಿಸಲು 1,50,000 ರೂಪಾಯಿಗಳನ್ನು ಕೊಡಲು ಮುಂದೆ ಬಂದರು. ಆ ಕಾಲಕ್ಕೆ ಅದು ಕಣ್ಣು ಕೋರೈಸುವ ಮೊತ್ತ. ಭಟ್ನಾಗರರು ಅದನ್ನು ತಮ್ಮ ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. ಅದನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ, ಪೆಟ್ರೋಲಿಯಂ ಸಂಶೋಧನೆಗೆ ಒಂದು ವಿಭಾಗವನ್ನು ತೆರೆಯಿಸಿದರು. ಉದ್ಯಮಕ್ಕೆ ನೆರವಾದ ವಿದ್ವಾಂಸನು ವಿದ್ಯೆಯನ್ನು ಮಾರಿಕೊಂಡನೆಂದು ಮೂಗು ಮುರಿಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಅಂಥವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. 1940ರಲ್ಲಿ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನೆಯ ಹೊಣೆ ಅವರಿಗೆ ಬಂತು. 1942ರಲ್ಲಿ ಅದರ ಪರಿಷತ್ತು ಸ್ಥಾಪನೆಯಾಯಿತು. 1955ರ ಜನವರಿ 1ರಂದು ಅವರು ಕಾಲವಾಗುವ ಹೊತ್ತಿಗೆ ದೇಶದಲ್ಲಿ ರಾಷ್ಟ್ರೀಯ ಪ್ರಯೋಗಶಾಲೆಗಳ ಒಂದು ಸರಣಿಯೇ ಎದ್ದು ನಿಂತಿತ್ತು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಅವುಗಳಲ್ಲೊಂದು.

ಕನ್ನಡ ನಾಡಿನಲ್ಲಿ ಈ ದಾರಿಯನ್ನು ತುಳಿದವರಲ್ಲಿ ಕೆ.ಎಸ್. ಗುರುರಾಜ ದಾಸ್ ಅವರ ಹೆಸರನ್ನು ಇಂದು ಬಲ್ಲವರು ಕಡಿಮೆ. ಅವರು 1930ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಅಂದರೆ ಅಂದಿನ ಮೈಸೂರು ವಿಶ್ವವಿದ್ಯಾನಿಲಯದಲ್ಲಿ, ದ್ರಾವಣಗಳ ಮೇಲ್ಮೈಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಆಗ ತಾನೇ ಉಂಟಾದ ಮೇಲ್ಮೈಗೂ ಕೆಲವು ಹೊತ್ತು ನಿಂತ ಮೇಲ್ಮೈಗೂ ವ್ಯತ್ಯಾಸವುಂಟು. ಕೆಲವು ದ್ರಾವಣಗಳ ಮೇಲ್ಮೈಯ ಎಳೆತವು ಹೊತ್ತು ಕಳೆದಂತೆ ತಗ್ಗುತ್ತ ಹೋಗುತ್ತದೆ. ಮನುಷ್ಯನಿಗೆ ಮುಪ್ಪು ಬರುವಂತೆ ದ್ರಾವಣದ ಮೇಲ್ಮೈಗೂ ವಯಸ್ಸಾಗುತ್ತದೆ. ದಾಸ್ ಅವರು 1936ರಲ್ಲಿ ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲಿಯೂ ಮುಪ್ಪಿನ ಮಾತೇ ಇದೆ. ದ್ರಾವಣದ ಒಡಲಿನಲ್ಲಿರುವ ಅಣುಗಳು ಮೇಲಕ್ಕೆ ಬಂದು ನೆಲೆಸಲು ಹೊತ್ತು ಬೇಕು. ಅವು ಮೆಲ್ಲಗೆ ಸಾಗಿ ಬರುವುದಷ್ಟೇ ತಡಕ್ಕೆ ಕಾರಣವಲ್ಲ, ಮೇಲ್ಮೈಯ ಹೊಸ್ತಿಲಲ್ಲಿ ದಾಟಬೇಕಾದ ಒಂದು ತಡೆಯೂ ಇದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಮುಂದೆ ಈ ವಿಷಯದಲ್ಲಿ ದುಡಿದ ಹೊರನಾಡಿನ ವಿದ್ವಾಂಸರು ಅದನ್ನು ಸ್ಮರಿಸುತ್ತ ಬಂದಿದ್ದಾರೆ.

ಬೆಂಗಳೂರಿನಿಂದ ಅವರು ಹೋದುದು ಕಾನಪುರಕ್ಕೆ. ಅಲ್ಲಿ 1936ರಲ್ಲಿ ಸಕ್ಕರೆಯ ತಂತ್ರಜ್ಞಾನಕ್ಕೆಂದೇ ಒಂದು ಸಂಸ್ಥೆ ಸ್ಥಾಪನೆಯಾಗಿತ್ತು. 1957ರಲ್ಲಿ ಅದಕ್ಕೆ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಎಂಬ ಹೆಸರಾಯಿತು. ಆ ಸಂಸ್ಥೆಯಲ್ಲಿ ಅವರ ಹುದ್ದೆಯ ಹೆಸರೇ ಭೌತ ರಸಾಯನಜ್ಞ ಎಂದಿತ್ತು. ಮೇಲ್ಮೈಯ ಎಳೆತವನ್ನು ಅಳೆಯುತ್ತಿದ್ದವರಿಗೆ ಸಕ್ಕರೆಯ ಕಾರ್ಖಾನೆಯಲ್ಲೇನು ಕೆಲಸ ಎಂದು ಕೇಳುವವರು ಒಮ್ಮೆ ಕುದಿಯುವ ಕಬ್ಬಿನ ಹಾಲಿನ ನೊರೆಯನ್ನು ನೋಡಬೇಕು. ನೊರೆಯೆಂದರೆ ಮೇಲ್ಮೈಯೇ. ಹರಳಿನ ಬೆಳವಣಿಗೆಯೂ ಹರಳಿನ ಮೈಮೇಲೆ ನಡೆಯುವಂಥದು. ಬಣ್ಣವನ್ನು ಹೀರುವ ಇದ್ದಿಲಿನ ಕೆಲಸವೂ ಇದ್ದಿಲಿನ ಮೈಮೇಲೆಯೇ. ಸ್ಥಳ ಬದಲಾಗಿತ್ತು, ಪ್ರಶ್ನೆ ಬದಲಾಗಿರಲಿಲ್ಲ.

ದಾಸ್ ಅವರ ಹೆಸರು ವಿದ್ಯುತ್ ರಸಾಯನದ ಗ್ರಂಥಗಳಲ್ಲಿ ಸೇರುವಂತೆ ಮಾಡಿದ ಶೋಧವು ಹೊರಬಿದ್ದುದೂ ಈ ಅವಧಿಯಲ್ಲಿಯೇ. 1950ರ ಸುಮಾರಿಗೆ ಅವರು ಎಚ್.ಪಿ. ಅಗರವಾಲ ಎಂಬುವರೊಡನೆ ಒಂದು ಪರಿಣಾಮವನ್ನು ಕಂಡುಹಿಡಿದರು. ಎರಡು ಬಗೆಯ ಕಬ್ಬಿಣದ ಅಯಾನುಗಳಿರುವ ದ್ರಾವಣದಲ್ಲಿ ಪ್ಲಾಟಿನಮ್ಮಿನ ತಂತಿಯನ್ನು ಇಳಿಬಿಟ್ಟಿದೆಯೆಂದು ಇಟ್ಟುಕೊಳ್ಳೋಣ. ಮನೆಗಳಿಗೆ ಬರುವ ವಿದ್ಯುತ್ತಿನಂತೆ ಹಿಂದೆ ಮುಂದೆ ತಿರುಗುವ ವಿದ್ಯುತ್ತನ್ನು ಅದರಲ್ಲಿ ಹರಿಸಿದರೆ, ಹೋದಷ್ಟೇ ಹಿಂದಿರುಗುವುದರಿಂದ ಒಟ್ಟಿನಲ್ಲಿ ಯಾವ ಬದಲಾವಣೆಯೂ ಕಾಣಬಾರದು. ಆದರೆ ತಂತಿಯ ವಿಭವವು ಒಂದು ಕಡೆಗೆ ಅತ್ಯಲ್ಪವಾಗಿ ವಾಲಿ ನಿಲ್ಲುವುದನ್ನು ಅವರು ಗಮನಿಸಿದರು. ಎಲೆಕ್ಟ್ರಾನುಗಳಿಗೆ ತಂತಿಯಿಂದ ದ್ರಾವಣಕ್ಕೆ ಹೋಗುವ ದಾರಿಯೂ ದ್ರಾವಣದಿಂದ ತಂತಿಗೆ ಬರುವ ದಾರಿಯೂ ಸರಿಸಮನಾಗಿ ಸುಲಭವಲ್ಲ. ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಬಂಡಿಗೆ ಒಂದೇ ಬಿರುಸು ಇರದಂತೆ ಇದು. ಆ ಪುಟ್ಟ ವಾಲುವಿಕೆಯನ್ನು ಅಳೆದರೆ, ಬೇರೆ ವಿಧಾನಗಳಿಗೆ ಸಿಕ್ಕದಷ್ಟು ವೇಗವಾಗಿ ನಡೆಯುವ ಕ್ರಿಯೆಗಳ ವೇಗವನ್ನು ಲೆಕ್ಕ ಹಾಕಬಹುದು. ದೇಶ ವಿದೇಶಗಳ ವಿಜ್ಞಾನಿಗಳು ಈ ವಿಧಾನವನ್ನು ಮುಂದೆ ಬೆಳೆಸಿದರು. ಸಕ್ಕರೆಯ ಸಂಸ್ಥೆಯಲ್ಲಿ ದುಡಿಯುತ್ತಿದ್ದವರ ಕಣ್ಣಿಗೆ ಇದು ಬಿದ್ದಿತೆಂಬುದನ್ನು ಮರೆಯಲಾಗದು.

ಅನಂತರ ದಾಸ್ ಅವರು ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಅಳಗಪ್ಪ ಚೆಟ್ಟಿಯಾರ್ ಎಂಬ ಉದಾರಿಗಳು 300 ಎಕರೆ ನೆಲವನ್ನೂ 15 ಲಕ್ಷ ರೂಪಾಯಿಗಳನ್ನೂ ದಾನವಾಗಿ ಕೊಟ್ಟುದರಿಂದ ಆ ಚಿಕ್ಕ ಊರಿನಲ್ಲಿ ಅಷ್ಟು ದೊಡ್ಡ ಸಂಸ್ಥೆ ಎದ್ದಿತು. 1948ರಲ್ಲಿ ನೆಹರೂ ಅವರು ಅಡಿಗಲ್ಲನ್ನಿಟ್ಟರು. 1953ರಲ್ಲಿ ರಾಧಾಕೃಷ್ಣನ್ನರು ಉದ್ಘಾಟಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತಡೆಯುವುದು, ಉಪ್ಪಿನಿಂದ ಕಾಸ್ಟಿಕ್ ಸೋಡಾ ತೆಗೆಯುವುದು, ಲೋಹಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವುದು, ಬ್ಯಾಟರಿಗಳನ್ನು ಸುಧಾರಿಸುವುದು ಮುಂತಾದುವು ಅಲ್ಲಿಯ ಕಾರ್ಯಕ್ಷೇತ್ರ. ದಾಸ್ ಅವರ ನಂತರ ಆ ಸಂಸ್ಥೆಯನ್ನು ನಡೆಸಿದ ಎಚ್.ವಿ.ಕೆ. ಉಡುಪರೂ ವಿದ್ಯುತ್ ರಸಾಯನವನ್ನು ಕಾರ್ಖಾನೆಯ ಬಾಗಿಲಿಗೆ ಒಯ್ದವರೇ.

ಗೋಕಾಕ, ಹುಕ್ಕೇರಿಗಳಲ್ಲಿ ಇಂದು ವಿಜ್ಞಾನವನ್ನು ಓದುವ ಹುಡುಗ ಹುಡುಗಿಯರಿಗೆ ಈ ದಾರಿಯ ಮೊದಲ ಮೆಟ್ಟಿಲಿಗಾಗಿ ಕಾನಪುರದವರೆಗೆ ಹೋಗಬೇಕಾಗಿಲ್ಲ. ಬೆಳಗಾವಿಯಲ್ಲಿ 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪನೆಯಾಗಿದೆ. ಸಕ್ಕರೆಯ ತಂತ್ರಜ್ಞಾನವನ್ನು ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೂ ಅಲ್ಲಿಯೇ ಇದೆ. ಕಾರ್ಖಾನೆಯ ರಸಾಯನಜ್ಞನ ದುಡಿಮೆ ಸುಖದ್ದೆಂದು ಯಾರೂ ಭಾವಿಸಬಾರದು. ಹಂಗಾಮು ನಡೆಯುವಷ್ಟು ಕಾಲ ಪಾಳಿಗಳು ಹಗಲು ರಾತ್ರಿಯ ಭೇದವನ್ನು ಅರಿಯವು. ನಡುರಾತ್ರಿಯಲ್ಲಿಯೂ ಹಾಲು, ಪಾಕ, ಕಾಕಂಬಿ, ಸಿಪ್ಪೆಗಳ ಮಾದರಿಗಳು ಮೇಜಿನ ಮೇಲೆ ಬಂದು ಕೂರುತ್ತವೆ. ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಉಳಿದು ಹೋಯಿತು ಎಂಬುದನ್ನೂ ಆತ ಲೆಕ್ಕಕ್ಕೆ ಹಿಡಿಯಬೇಕು.

ಈಗ ಅವನ ಹೊಣೆಗೆ ಇನ್ನೊಂದು ಕೆಲಸವೂ ಕೂಡಿದೆ. ಹರಳುಗಟ್ಟಲೊಪ್ಪದೆ ಕಾಕಂಬಿಯಲ್ಲಿ ಉಳಿದ ಸಕ್ಕರೆಯನ್ನು ಹುಳಿಯಿಸಿ ಎಥನಾಲನ್ನು ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ಹುಳಿ ಬಂದ ರಸವನ್ನು ಬಟ್ಟಿಯಿಳಿಸುತ್ತ ಹೋದಂತೆ ಎಥನಾಲಿನ ಪ್ರಮಾಣ ಏರುತ್ತದೆ. ಆದರೆ ತೂಕದಲ್ಲಿ ಶೇಕಡಾ 95.6ಕ್ಕೆ ಬಂದು ನಿಂತು ಬಿಡುತ್ತದೆ. ಆ ಹಂತದಲ್ಲಿ ದ್ರವಕ್ಕೂ ಅದರಿಂದ ಏಳುವ ಆವಿಗೂ ಒಂದೇ ಪ್ರಮಾಣವಿರುವುದರಿಂದ, ಎಷ್ಟು ಸಲ ಬಟ್ಟಿಯಿಳಿಸಿದರೂ ಉಳಿದ ನೀರು ಬೇರೆಯಾಗದು. ಇಂಜಿನಿಗೆ ನೀರು ಸಲ್ಲದು. ಆದುದರಿಂದ ಆವಿಯನ್ನು ಜಿಯೋಲೈಟ್ ಎಂಬ ಖನಿಜದ ಗುಂಡುಗಳ ನಡುವೆ ಹಾಯಿಸುತ್ತಾರೆ. ಅದರ ರಂಧ್ರಗಳು ನೀರಿನ ಅಣು ಹೊಗುವಷ್ಟು ದೊಡ್ಡವು, ಎಥನಾಲಿನ ಅಣು ಹೊಗಲಾಗದಷ್ಟು ಚಿಕ್ಕವು. ಹಿಟ್ಟನ್ನು ಸಾಣಿಸಿದಂತೆ ಅಣುಗಳನ್ನು ಸಾಣಿಸುವ ಜರಡಿ ಅದು.

ಆದರೆ ಒಂದು ಲೀಟರು ಎಥನಾಲು ಹೊರಬರುವಾಗ ಎಂಟರಿಂದ ಹದಿನೈದು ಲೀಟರಿನಷ್ಟು ಕಂದು ಬಣ್ಣದ ಕೊಳೆನೀರು ಹಿಂದೆ ಉಳಿಯುತ್ತದೆ. ಸೂಕ್ಷ್ಮಜೀವಿಗಳಿಂದ ಅದರ ಕೊಳೆಯನ್ನು ಬಹಳಷ್ಟು ಕಳೆದು ಅನಿಲವನ್ನು ಪಡೆಯಬಹುದು. ಬಣ್ಣ ಮಾತ್ರ ಸುಲಭದಲ್ಲಿ ಬಿಡದು. ಅದನ್ನು ಹಾಗೆಯೇ ಹೊರಗೆ ಬಿಟ್ಟರೆ ಹಳ್ಳಕ್ಕೆ ಸೇರಿ, ಅಲ್ಲಿಂದ ಹೊಳೆಗೆ ಹೋಗುತ್ತದೆ. ಇಂಗಿಸಿ ಸುಡುವುದಕ್ಕೆ ಉಗಿ ಬಹಳ ಬೇಕು. ಇದ್ದಿಲಿನ ಮೇಲೆ ಹೀರಿಸುವ, ಸೂಕ್ಷ್ಮ ಪೊರೆಗಳ ಮೂಲಕ ಸೋಸುವ, ವಿದ್ಯುತ್ತನ್ನು ಹಾಯಿಸಿ ಬಣ್ಣವನ್ನು ಒಡೆಯುವ ಪ್ರಯೋಗಗಳು ನಾನಾ ಕಡೆಗಳಲ್ಲಿ ನಡೆಯುತ್ತಿವೆ. ಪ್ರಯೋಗಶಾಲೆಯ ಗಾಜಿನ ಬೀಕರಿನಲ್ಲಿ ಅವು ತಕ್ಕಮಟ್ಟಿಗೆ ಗೆದ್ದಿವೆ. ದಿನಕ್ಕೆ ಲಕ್ಷಗಟ್ಟಲೆ ಲೀಟರು ಕೊಳೆನೀರನ್ನು ಕಡಿಮೆ ಖರ್ಚಿನಲ್ಲಿ ತಿಳಿಯಾಗಿಸುವ ಕೆಲಸ ಇನ್ನೂ ಉಳಿದಿದೆ.